ಬೀಕರಿನ ತಳದಲ್ಲಿ ಹಸಿರು ಬೆಳಕು

ಭಾರತದಲ್ಲೇ ತಯಾರಾದ ಮೊದಲ ಲೇಸರ್ ಟ್ರಾಂಬೆಯದು. ಅಲ್ಲಿನ ಪರಮಾಣು ಸಂಸ್ಥೆಯವರು 1964ರಲ್ಲಿ ಗ್ಯಾಲಿಯಂ ಆರ್ಸೆನೈಡ್‌ನಿಂದ ಅದನ್ನು ಮಾಡಿದರು. ಮರುವರ್ಷ ಟ್ರಾಂಬೆಗೂ ಕೊಲಾಬಾದ ಟಿಐಎಫ್‌ಆರ್‌ಗೂ ನಡುವೆ, ಸುಮಾರು 20 ಕಿ.ಮೀ. ದೂರ, ಬೆಳಕಿನ ಮೇಲೆಯೇ ಸಂದೇಶ ಹೋಯಿತು. ನಾವು ಲೋಕಲ್‌ನಲ್ಲಿ ನೇತಾಡುತ್ತ ದಾಟುವ ಊರಿನ ಮೇಲೆ!

ಲೇಸರ್ ಬರುವ ಮುನ್ನ ಬೆಳಕು ಬಲು ಸಾಧು. ಹರಳಿನೊಳಗೆ ಕೆಂಪು ಹೊಕ್ಕರೆ ಕೆಂಪೇ ಹೊರಬರುತ್ತಿತ್ತು. 1961ರಲ್ಲಿ ಮಿಶಿಗನ್ ವಿಶ್ವವಿದ್ಯಾಲಯದ ಪೀಟರ್ ಫ್ರಾಂಕೆನ್ ಮತ್ತು ಸಂಗಡಿಗರು ಮಾಣಿಕ್ಯದ ಲೇಸರನ್ನು ಕ್ವಾರ್ಟ್ಸ್ ಹರಳಿಗೆ ಹಾಯಿಸಿದಾಗ, 694 ನ್ಯಾನೋಮೀಟರಿನ ಕೆಂಪಿನ ಜೊತೆ ಅದರ ಅರ್ಧ, 347ರ ಅತಿನೇರಳೆಯೂ ಬಂತು. ಫೋಟೋದಲ್ಲಿ ಅದೊಂದು ಸಣ್ಣ ಚುಕ್ಕೆ. ಪತ್ರಿಕೆಯವರು ಕಸವೆಂದುಕೊಂಡು ಅದನ್ನೇ ಅಳಿಸಿಬಿಟ್ಟರಂತೆ. ಅಚ್ಚಾದ ಪ್ರಬಂಧದಲ್ಲಿ ಬಾಣದ ಗುರುತಿದೆ, ಚುಕ್ಕೆಯಿಲ್ಲ.

ಸಾವಯವ ಹರಳುಗಳ ಸರದಿ ಆಮೇಲೆ. ಅಣುವಿನ ಒಂದು ತುದಿ ಎಲೆಕ್ಟ್ರಾನು ಕೊಡುವಂಥದ್ದು, ಇನ್ನೊಂದು ಎಳೆದುಕೊಳ್ಳುವಂಥದ್ದಾದರೆ ಅದು ಬೆಳಕಿಗೆ ಜೋರಾಗಿ ಸ್ಪಂದಿಸುತ್ತದೆ. ಪ್ಯಾರಾ ನೈಟ್ರೋಅನಿಲಿನ್ ಅಂಥದ್ದು. ಆದರೆ ಹರಳಾಗುವಾಗ ಅದರ ಅಣುಗಳು ಚಾಳಿನ ಖೋಲಿಯಲ್ಲಿ ತಲೆ-ಕಾಲು ಅದಲುಬದಲಾಗಿ ಮಲಗಿದ ಹಾಗೆ ಜೋಡಿಯಾಗುತ್ತವೆ. ಒಂದರ ಪ್ರಭಾವವನ್ನು ಇನ್ನೊಂದು ಕಳೆದುಬಿಡುತ್ತದೆ, ಫಲ ಸೊನ್ನೆ. ಅದೇ ಅಣುವಿಗೆ ಒಂದು ಮಿಥೈಲ್ ಗುಂಪು ಸಿಕ್ಕಿಸಿದರೆ ಈ ಜೋಡಣೆ ತಪ್ಪಿ ಹರಳು ಪ್ರಬಲವಾಗುತ್ತದೆ. ಇಷ್ಟಕ್ಕೇ ಎಷ್ಟೋ ಪ್ರಯೋಗಾಲಯಗಳು ದಶಕಗಟ್ಟಲೆ ದುಡಿದವು.

ಅವುಗಳಲ್ಲೊಂದು ಮುಂಬಯಿ ಕನ್ನಡಿಗರಲ್ಲಿ ಬಹಳ ಮಂದಿಗೆ ಗೊತ್ತಿರುವ ಕೊಣಾಜೆಯ ಗುಡ್ಡದ ಮೇಲಿದೆ. ಮಂಗಳೂರು ವಿಶ್ವವಿದ್ಯಾಲಯದಲ್ಲಿ ಎಸ್. ಎಂ. ಧರ್ಮಪ್ರಕಾಶರ ತಂಡ 2000ದ ದಶಕದಲ್ಲಿ ಚಾಲ್ಕೋನ್ ಹರಳುಗಳನ್ನು ಬೆಳೆಸಿತು. ಆಲ್ಡಿಹೈಡ್, ಕೀಟೋನ್ ಎರಡನ್ನೂ ಕ್ಷಾರದ ಜೊತೆ ಕಲಕಿದರೆ ಚಾಲ್ಕೋನ್ ಸಿಗುತ್ತದೆ. ಅದನ್ನು ದ್ರಾವಕದಲ್ಲಿ ಕರಗಿಸಿ, ಬೀಕರಿನ ಬಾಯಿ ಮುಚ್ಚಿ, ಸಣ್ಣ ತೂತು ಬಿಟ್ಟು ಕಾಯಬೇಕು. ಅಲ್ಲಾಡಿಸಕೂಡದು, ಉಷ್ಣತೆ ಏರುಪೇರಾಗಕೂಡದು. ಪ್ರಾಜೆಕ್ಟ್ ಪ್ಲಾನಿನಲ್ಲಿ ಈ ಸಾಲಿಗೆ ಎಷ್ಟು ದಿನ ಬರೆಯುವುದು?

ಪರೀಕ್ಷೆ ಮಾತ್ರ ಬೇಗ ಮುಗಿಯುತ್ತದೆ. 1968ರಲ್ಲಿ ಕರ್ಟ್ಜ್ ಮತ್ತು ಪೆರ್ರಿ ತೋರಿಸಿದಂತೆ ಹರಳನ್ನು ಪುಡಿ ಮಾಡಿ ಲೇಸರ್ ಹಾಯಿಸಿದರಾಯಿತು. 1064 ನ್ಯಾನೋಮೀಟರಿನ ಕಣ್ಣಿಗೆ ಕಾಣದ ಬೆಳಕು ಬಿಟ್ಟರೆ 532ರ ಹಸಿರು ಹೊಳೆಯಬೇಕು. ಸಾವಯವ ಹರಳುಗಳಿಗೆ ಅಳತೆಗೋಲು ಸಾಮಾನ್ಯವಾಗಿ ಯೂರಿಯಾ. ಹೌದು, ಗದ್ದೆಗೆ ಹಾಕುವ ಅದೇ ಯೂರಿಯಾ.

ಮಾರುಕಟ್ಟೆ ಗೆದ್ದದ್ದು ಬೇರೆಯವು. ಹಸಿರು ಲೇಸರ್ ಪಾಯಿಂಟರಿನೊಳಗೆ ಸಾಮಾನ್ಯವಾಗಿ ಕೂತಿರುವುದು ಗಟ್ಟಿಯಾದ, ಬಿಸಿ ತಾಳುವ ಅಜೈವಿಕ ಕೆಟಿಪಿ. ಮೆತ್ತನೆಯ ಸಾವಯವ ಹರಳುಗಳು ಹೆಚ್ಚಾಗಿ ಪ್ರಬಂಧಗಳಲ್ಲೇ ಉಳಿದವು.

ಎಂಟೆಕ್ ಓದುವಾಗ ನಾನೂ ಒಂದು ಬೀಕರ್ ಇಟ್ಟಿದ್ದೆ. ಹದಿನೆಂಟನೇ ದಿನ ತಳ ನೋಡುವ ಆತುರಕ್ಕೆ ಎತ್ತಿಬಿಟ್ಟೆ. ಮರುದಿನ ನೋಡಿದರೆ ಒಂದು ದೊಡ್ಡ ಹರಳಿನ ಬದಲು ತಳದ ತುಂಬ ಸಕ್ಕರೆಯಂಥ ಚೂರುಗಳು.