ಚಿಕಿತ್ಸೆಯ ಬಸಿರು ಮತ್ತು ಸಮಾಜದ ಮೌನ

ಚಿಕಿತ್ಸೆಯಿಂದ ಲಭಿಸಿದ ಗರ್ಭವನ್ನು ಸಮಾಜವು ಹೇಗೆ ಬರಮಾಡಿಕೊಂಡಿತು ಎಂಬುದಕ್ಕೂ ಒಂದು ಇತಿಹಾಸವಿದೆ. ಅದು ವಿಜ್ಞಾನದ ವಿಜಯಗಾಥೆ ಮಾತ್ರವಲ್ಲ, ಭಯ ಹಾಗೂ ಲೋಕಾಪವಾದಗಳ ಕಥೆಯೂ ಹೌದು.

1978ರ ಜುಲೈ 25ರಂದು ಇಂಗ್ಲೆಂಡಿನಲ್ಲಿ ಜಗತ್ತಿನ ಮೊದಲ ಪ್ರನಾಳ ಶಿಶು ಲೂಯಿ ಬ್ರೌನ್ ಜನಿಸಿದಳು. 70 ದಿನಗಳ ತರುವಾಯ, ಅಕ್ಟೋಬರ್ 3ರಂದು, ಕಲ್ಕತ್ತೆಯಲ್ಲಿ ಡಾ. ಸುಭಾಷ್ ಮುಖೋಪಾಧ್ಯಾಯರ ಪ್ರಯತ್ನದಿಂದ ‘ದುರ್ಗಾ’ ಜನಿಸಿದಳು. ಭ್ರೂಣವನ್ನು 53 ದಿನ ಶೀತಲೀಕರಿಸಿಟ್ಟು ಅನಂತರ ಗರ್ಭದಲ್ಲಿ ನೆಲೆಗೊಳಿಸಿದ್ದರು. ಸರಕಾರದ ವಿಚಾರಣಾ ಸಮಿತಿ ಅವರನ್ನು ನಂಬಲಿಲ್ಲ. 1981ರ ಜೂನ್ 19ರಂದು ಅವರು ಆತ್ಮಹತ್ಯೆ ಮಾಡಿಕೊಂಡರು. ದುರ್ಗಾ ತನ್ನ ಪರಿಚಯವನ್ನು ಬಹಿರಂಗಪಡಿಸಿದ್ದು 25ನೆಯ ಜನ್ಮದಿನದಂದು, 2003ರಲ್ಲಿ.

1986ರ ಆಗಸ್ಟ್ 6ರಂದು ಮುಂಬಯಿಯಲ್ಲಿ ಜನಿಸಿದ ಹರ್ಷಾ ದೇಶದ ಪ್ರಥಮ ಪ್ರನಾಳ ಶಿಶುವೆಂದು ಪ್ರಸಿದ್ಧಳಾದಳು. ಆ ಸಾಧನೆಯಲ್ಲಿ ಡಾ. ಇಂದಿರಾ ಹಿಂದುಜಾ ಅವರೊಡನೆ ದುಡಿದ ವಿಜ್ಞಾನಿ ಡಾ. ಟಿ. ಸಿ. ಆನಂದಕುಮಾರರು ಮುಂದೆ ಬೆಂಗಳೂರಿನಲ್ಲಿ ನೆಲೆಸಿದರು. ಮುಖೋಪಾಧ್ಯಾಯರ ಟಿಪ್ಪಣಿಗಳನ್ನು ಪರಿಶೀಲಿಸಿ, ಪ್ರಥಮ ಸ್ಥಾನ ತಮ್ಮದಲ್ಲ, ಅವರದೆಂದು 1997ರಲ್ಲಿ ಬೆಂಗಳೂರಿನ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಬರೆದರು. ಪರರ ಕೀರ್ತಿಯನ್ನು ಪರರಿಗೇ ಒಪ್ಪಿಸುವ ಇದಕ್ಕಿಂತ ಮಿಗಿಲಾದ ಅಚೌರ್ಯವ್ರತವುಂಟೆ?

ಇನ್ನು ನಮ್ಮ ಮನೆಯಂಗಳಕ್ಕೆ ಬರೋಣ. ಭಾಲ್ಕಿಯ ನಮ್ಮ ಬಂಧುಗಳ ಸೊಸೆಯೊಬ್ಬಳು ಬಹು ವರ್ಷಗಳ ನಂತರ ಹೈದರಾಬಾದಿನ ಚಿಕಿತ್ಸೆಯಿಂದ ಗರ್ಭವತಿಯಾದಳು. ಔರಾದಿನ ತವರಿಗೂ ಅದನ್ನು ತಿಳಿಸಿರಲಿಲ್ಲ. ಹೈದರಾಬಾದಿನ ಪ್ರಯಾಣಗಳೆಲ್ಲ ‘ಜವಳಿ ಖರೀದಿ’ಯೆಂದೇ ನಾವು ಹೇಳುತ್ತಿದ್ದೆವು, ಆ ಸುಳ್ಳಿನಲ್ಲಿ ನಾನೂ ಪಾಲುದಾರ. ಏಳನೆಯ ತಿಂಗಳಲ್ಲಿ ಸೀಮಂತದ ಮಾತೆತ್ತಿದಾಗ ಆಕೆ ಅತ್ತಳು. “ಮಗು ಕೈಗೆ ಬರುವವರೆಗೂ ಬಳೆ ತೊಡಿಸಬೇಡಿ. ನನಗೆ ಸಂತೋಷಪಡಲೂ ಹೆದರಿಕೆ, ಆಯಾಸವೆಂದು ಹೇಳಲೂ ಹೆದರಿಕೆ. ಬೇಡಿ ಪಡೆದವಳಿಗೆ ದೂರುವ ಹಕ್ಕೆಲ್ಲಿದೆ?” ಎಂದಳು. ನಾವು ಅವಳ ಗುಟ್ಟನ್ನು ಕಾಪಾಡಿದ್ದೆವು, ಅವಳನ್ನು ಕಾಪಾಡಿರಲಿಲ್ಲ.

ಗುಟ್ಟನ್ನು ಹೊರಗೆಡಹುವುದು, ಬಿಡುವುದು ದಂಪತಿಗಳ ಇಚ್ಛೆ. ಆದರೆ ಭಯದಿಂದ ಮುಚ್ಚಿಡುವಂತೆ ಮಾಡುವ ದೋಷ ನಮ್ಮದು. ಉಳಿದ ಭ್ರೂಣಗಳ ಗತಿಯೇನೆಂಬ ಅಹಿಂಸೆಯ ಪ್ರಶ್ನೆ ಗಂಭೀರವಾದುದೇ. ಅದನ್ನು ಚಿಕಿತ್ಸೆಗೆ ಮುನ್ನ ಮುನಿವರ್ಯರಲ್ಲಿ, ವೈದ್ಯರಲ್ಲಿ ಕೇಳಬೇಕು. ಬಸುರಿಯನ್ನು ಕೇಳಿ ನೋಯಿಸಬಾರದು. 2021ರ ಸಹಾಯಿತ ಸಂತಾನೋತ್ಪತ್ತಿ ಕಾಯಿದೆಯು ದಂಪತಿಗಳಿಗೆ ಆಪ್ತಸಲಹೆ ನೀಡುವುದನ್ನು ಚಿಕಿತ್ಸಾಲಯದ ಕರ್ತವ್ಯವಾಗಿಸಿದೆ. ಆದರೆ ಅತ್ತೆ, ನಾದಿನಿ, ನೆರೆಯವರ ನಾಲಿಗೆಗೆ ಯಾವ ಕಾಯಿದೆಯೂ ಸಲಹೆ ನೀಡಲಾರದು. ಅದು ವಚನಗುಪ್ತಿಯ ಕೆಲಸ.

ಬಸದಿಯ ಟ್ರಸ್ಟಿನ ಹಿರಿಯರಲ್ಲಿ ವಿನಂತಿ: ಮಕ್ಕಳಿಲ್ಲದವಳನ್ನು ಮಂಗಳಕಾರ್ಯದಲ್ಲಿ ಹಿಂದೆ ನಿಲ್ಲಿಸುವ ರೂಢಿ ಎಲ್ಲಾದರೂ ಉಳಿದಿದ್ದರೆ ಈ ಪರ್ಯೂಷಣದಲ್ಲೇ ಬಿಡೋಣ. ಕ್ಷಮಾವಣಿಯ ದಿನ ಕೈಮುಗಿಯುವಾಗ ಅಂಥವರ ಮುಂದೆ ಒಂದು ಗಳಿಗೆ ಹೆಚ್ಚು ನಿಲ್ಲೋಣ. ನಾನು ಭಾಲ್ಕಿಗೆ ಹೋಗಿ ನಿಂತು ಬಂದಿದ್ದೇನೆ.