ಬಳಪದ ಲೆಕ್ಕ, ಅದಿರಿನ ಲೆಕ್ಕ: ಸಂಡೂರು ಸೀಮೆಯಲ್ಲಿ ಕಡತದಿಂದ ವೆಕ್ಟರ್ ಡೇಟಾಬೇಸ್‌ವರೆಗೆ

ಕಡತವೆಂದರೆ ಇಂದು ಸರ್ಕಾರಿ ಕಚೇರಿಯ ಫೈಲು. ಮೂಲದಲ್ಲಿ ಅದು ಬಟ್ಟೆಯ ಲೆಕ್ಕದ ಪುಸ್ತಕ. ಉದ್ದನೆಯ ಹತ್ತಿಬಟ್ಟೆಗೆ ಹುಣಸೆಬೀಜದ ಸರಿಯನ್ನೂ ಇದ್ದಿಲ ಪುಡಿಯನ್ನೂ ಕಲಸಿ ಬಳಿದು, ಒಣಗಿಸಿ, ಮಡಿಕೆ ಮೇಲೆ ಮಡಿಕೆಯಾಗಿ ಮಡಚಿಡುತ್ತಿದ್ದರು. ಆ ಕಪ್ಪು ಮೈಮೇಲೆ ಬಳಪದಿಂದ ಬರೆದ ಅಂಕಿ ಬೆಳ್ಳಗೆ ಎದ್ದು ಕಾಣುತ್ತಿತ್ತು. ಮೈಸೂರಿನಲ್ಲಿ ಬ್ರಿಟಿಷ್ ರೆಸಿಡೆಂಟನಾಗಿದ್ದ ಮಾರ್ಕ್ ವಿಲ್ಕ್ಸ್ 1810ರಲ್ಲಿ ಹೊರತಂದ ತನ್ನ ಇತಿಹಾಸ ಗ್ರಂಥದಲ್ಲಿ ಇದನ್ನು ವಿವರಿಸಿದ್ದಾನೆ. ಅಗಲ ಹೆಚ್ಚೆಂದರೆ ಒಂದು ಅಡಿ, ಉದ್ದ 12ರಿಂದ 18 ಅಡಿ. ಒದ್ದೆ ಬಟ್ಟೆಯಿಂದ ಒರೆಸಿದರೆ ಅಕ್ಷರ ಅಳಿಸಿಹೋಗುತ್ತಿತ್ತು, ಅದೇ ಜಾಗದಲ್ಲಿ ಮತ್ತೆ ಬರೆಯಬಹುದಿತ್ತು. ಅಂಗಡಿಯವರಿಗೆ ಇದು ಅನುಕೂಲ. ಆದರೆ ಲೆಕ್ಕವನ್ನು ಪರೀಕ್ಷಿಸುವವರ ತೊಡಕು ಹುಟ್ಟಿದ್ದೂ ಇಲ್ಲಿಯೇ. ಅಳಿಸಿದ ಅಂಕಿ ಯಾವುದೆಂದು ತಿಳಿಯಬೇಕಾದರೆ ಅದೇ ವ್ಯವಹಾರವನ್ನು ಬರೆದಿಟ್ಟ ಇನ್ನೊಂದು ಲೆಕ್ಕ ಬೇಕು.

ಆ ಇನ್ನೊಂದು ಲೆಕ್ಕವನ್ನು ಹೊಸಪೇಟೆ, ಕಂಪ್ಲಿ, ಹಂಪಿಯ ಸುತ್ತಿನ ಹಳ್ಳಿಗಳಲ್ಲಿ ವ್ಯವಸ್ಥಿತವಾಗಿ ಕಟ್ಟಿದವನು ಥಾಮಸ್ ಮನ್ರೋ. ಬಳ್ಳಾರಿ ಸೀಮೆಯನ್ನು ನಿಜಾಮ 1800ರಲ್ಲಿ ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ. ಅಂದಿನಿಂದ 1807ರವರೆಗೆ ಮನ್ರೋ, ಹೀಗೆ ಬಿಟ್ಟುಕೊಟ್ಟ ಸೀಮೆಗಳ ಅಂದರೆ ದತ್ತ ಮಂಡಲದ ಪ್ರಧಾನ ಕಲೆಕ್ಟರನಾಗಿದ್ದು ಹೊಲಗಳನ್ನು ಅಳೆಸಿ, ಒಬ್ಬೊಬ್ಬ ರೈತನ ಹೆಸರಿನಲ್ಲಿ ಕಂದಾಯ ಗೊತ್ತು ಮಾಡಿಸಿದ. ಶಾಸನಗಳಲ್ಲಿ ಸೇನಬೋವನೆಂದು ಕರೆಸಿಕೊಳ್ಳುತ್ತಿದ್ದ ಶಾನುಭೋಗನ ಪುಸ್ತಕ ಊರಿನಲ್ಲಿ ಉಳಿಯಿತು. ಅದರ ತಾಳೆ ನೋಡುವ ಪುಸ್ತಕ ಕಚೇರಿಯಲ್ಲಿ ಬೆಳೆಯಿತು. ಎರಡನ್ನೂ ಬೆಸೆಯುತ್ತಿದ್ದ ಕೊಂಡಿ ರೈತನ ಹೆಸರು ಮತ್ತು ಹೊಲದ ಗುರುತು. 1961ರ ಕಾಯ್ದೆಯಂತೆ ವಂಶಪಾರಂಪರ್ಯದ ಶಾನುಭೋಗಿಕೆ ರದ್ದಾಯಿತು. 2000ದ ದಶಕದ ಆರಂಭದಲ್ಲಿ 'ಭೂಮಿ' ಯೋಜನೆಯಡಿ ರಾಜ್ಯದ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಬಂದವು.

ಅದಿರಿನ ದೋಣಿಮಲೈ ಬೆಟ್ಟವಿರುವ ಸಂಡೂರು ಮಾತ್ರ ಮನ್ರೋನ ಆಡಳಿತದ ಹೊರಗಿತ್ತು. ಅದು ಘೋರ್ಪಡೆ ಮನೆತನದ ಸಂಸ್ಥಾನ. 1949ರಲ್ಲಿ ಭಾರತದೊಂದಿಗೆ ವಿಲೀನವಾಗುವವರೆಗೂ ಅದರ ಖಜಾನೆ, ಅದರ ಲೆಕ್ಕ ಬೇರೆಯೇ. ಸಂಡೂರು ಬೆಟ್ಟಸಾಲಿನ ಕಬ್ಬಿಣದ ಕಲ್ಲನ್ನು ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 1895ರ ತನ್ನ ಬಳ್ಳಾರಿ ಜಿಲ್ಲೆಯ ವರದಿಯಲ್ಲಿ ದಾಖಲಿಸಿದ. 20ನೇ ಶತಮಾನದ ಮೊದಲ ದಶಕದಲ್ಲಿ ಜನರಲ್ ಸಂಡೂರು ಮೈನಿಂಗ್ ಕಂಪನಿ ಮ್ಯಾಂಗನೀಸ್ ತೆಗೆಯತೊಡಗಿತು. 1954ರಲ್ಲಿ ಸಂಡೂರು ಮ್ಯಾಂಗನೀಸ್ ಅಂಡ್ ಐರನ್ ಓರ್ಸ್ ಕಂಪನಿ ಸ್ಥಾಪನೆಯಾಯಿತು. ಕೇಂದ್ರ ಸರ್ಕಾರದ ಎನ್‌ಎಂಡಿಸಿ 1977ರಲ್ಲಿ ದೋಣಿಮಲೈ ಗಣಿಯನ್ನು ಆರಂಭಿಸಿತು. ಬೆಟ್ಟದ ಮೇಲೆ ಒಂದು ಟೌನ್‌ಶಿಪ್ಪೇ ಎದ್ದಿತು.

ಗಣಿ ಬಂದ ಮೇಲೆ ಲೆಕ್ಕದ ಸ್ವಭಾವವೇ ಬದಲಾಯಿತು. ಹೊಲ ಇದ್ದಲ್ಲೇ ಇರುತ್ತದೆ, ಅದಿರು ಊರು ಬಿಟ್ಟು ಹೋಗುತ್ತದೆ. ಒಂದು ಲಾರಿ ಅದಿರು ಗಣಿಯ ರಿಜಿಸ್ಟರಿನಲ್ಲಿ ಒಮ್ಮೆ, ವೇಬ್ರಿಜ್ ಚೀಟಿಯಲ್ಲಿ ಒಮ್ಮೆ, ಗಣಿ ಇಲಾಖೆಯ ಪರ್ಮಿಟ್ಟಿನಲ್ಲಿ, ಅರಣ್ಯ ಇಲಾಖೆಯ ಪಾಸಿನಲ್ಲಿ, ರೈಲ್ವೆಯ ರಸೀದಿಯಲ್ಲಿ, ಬಂದರಿನ ದಾಖಲೆಯಲ್ಲಿ, ಕೊನೆಗೆ ಖರೀದಿದಾರನ ಖಾತೆಯಲ್ಲಿ ಹೀಗೆ ಏಳು ಸಲ ಬರೆಸಿಕೊಳ್ಳುತ್ತದೆ. ಏಳೂ ಕಡೆ ಬರೆಯುವ ಕೈ ಬೇರೆ, ನಂಬರು ಬೇರೆ, ಸರಕಿನ ಹೆಸರೂ ಬೇರೆ. ಒಬ್ಬ 'ಫೈನ್ಸ್' ಎಂದರೆ ಮತ್ತೊಬ್ಬ 'ಪುಡಿ ಅದಿರು' ಎನ್ನುತ್ತಾನೆ, ಮೂರನೆಯವನು ಬರೀ 'ಐರನ್ ಓರ್' ಎಂದು ಬರೆದು ಕೈತೊಳೆದುಕೊಳ್ಳುತ್ತಾನೆ.

ಈ ಬಿಡಿ ಪುಸ್ತಕಗಳ ನಡುವಿನ ಕಂದಕ ಎಷ್ಟು ಆಳವಾಗಿತ್ತೆಂಬುದು 2000ದ ದಶಕದಲ್ಲಿ ಬಯಲಾಯಿತು. ಚೀನಾದ ಬೇಡಿಕೆಯಿಂದ ಅದಿರಿನ ಬೆಲೆ ಏರಿತು. ಸಂಡೂರು, ಹೊಸಪೇಟೆಯ ರಸ್ತೆಗಳು ಕೆಂಪು ದೂಳಿನಲ್ಲಿ ಮುಳುಗಿದವು. ಅಂದಿನ ಲೋಕಾಯುಕ್ತ ನ್ಯಾಯಮೂರ್ತಿ ಎನ್. ಸಂತೋಷ್ ಹೆಗ್ಡೆ ಅಕ್ರಮ ಗಣಿಗಾರಿಕೆಯ ಬಗ್ಗೆ 2008ರಲ್ಲಿ ಮೊದಲ ವರದಿಯನ್ನೂ 2011ರ ಜುಲೈ 27ರಂದು ಎರಡನೆಯದನ್ನೂ ಸರ್ಕಾರಕ್ಕೆ ಒಪ್ಪಿಸಿದರು. ತನಿಖೆಯ ಭಾರ ಹೊತ್ತವರು ಅರಣ್ಯ ಸೇವೆಯ ಅಧಿಕಾರಿ ಯು.ವಿ. ಸಿಂಗ್ ಮತ್ತು ಅವರ ತಂಡ. ಅವರ ಕೆಲಸದ ತಿರುಳು ಲೆಕ್ಕಗಳ ಜೋಡಣೆ. ಬಂದರುಗಳಿಂದ ಹೊರಹೋದ ಅದಿರಿನ ಪ್ರಮಾಣವನ್ನು ಇಲಾಖೆ ಕೊಟ್ಟ ಪರ್ಮಿಟ್ಟುಗಳ ಪ್ರಮಾಣದ ಪಕ್ಕದಲ್ಲಿಟ್ಟು ನೋಡಿದಾಗ, ಪರ್ಮಿಟ್ಟೇ ಇಲ್ಲದೆ ಹಡಗು ಹತ್ತಿದ ಅದಿರು ಸುಮಾರು 2.98 ಕೋಟಿ ಟನ್ ಎಂದು ಕಂಡುಬಂತು. ಯಾವ ಒಂದು ಪುಸ್ತಕವನ್ನು ಎಷ್ಟೇ ತಿರುವಿದರೂ ಈ ಅಂಕಿ ಸಿಗುತ್ತಿರಲಿಲ್ಲ, ಅದು ಎರಡು ಪುಸ್ತಕಗಳ ನಡುವೆ ಅಡಗಿತ್ತು. ವರದಿ ಬಂದ ಎರಡೇ ದಿನಕ್ಕೆ, ಜುಲೈ 29ರಂದು, ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸಿತು. ದೇಶದ ಉಕ್ಕಿನ ಕಾರ್ಖಾನೆಗಳು ನಿಲ್ಲಬಾರದೆಂದು ಆಗಸ್ಟ್‌ನಲ್ಲಿ ಎನ್‌ಎಂಡಿಸಿಗೆ ಮಾತ್ರ ತಿಂಗಳಿಗೆ 10 ಲಕ್ಷ ಟನ್ ತೆಗೆಯಲು ಒಪ್ಪಿಗೆ ಸಿಕ್ಕಿತು. ಮುಂದೆ ಇ-ಹರಾಜು ಬಂತು, ಪರ್ಮಿಟ್ಟುಗಳು ಕಂಪ್ಯೂಟರಿಗೆ ಏರಿದವು.

ಈ ಹೊತ್ತಿಗೆ ವ್ಯಾಪಾರಿಗಳ ಖಿರ್ದಿ ಪುಸ್ತಕವೂ ಕಂಪ್ಯೂಟರು ಸೇರಿತ್ತು. ಆ ಪಲ್ಲಟ ತಂದ ತಂತ್ರಾಂಶ ಟ್ಯಾಲಿ, 1986ರಲ್ಲಿ ಆರಂಭವಾದ ಬೆಂಗಳೂರಿನ ಸಂಸ್ಥೆಯದು. 2017ರ ಜುಲೈ 1ರಂದು ಜಿಎಸ್‌ಟಿ ಬಂತು. ರಾಜ್ಯದೊಳಗಿನ ಸಾಗಣೆಗೂ ಇ-ವೇ ಬಿಲ್ಲನ್ನು 2018ರ ಏಪ್ರಿಲ್ 1ರಂದು ದೇಶದಲ್ಲೇ ಮೊದಲಾಗಿ ಜಾರಿಗೆ ತಂದದ್ದು ಕರ್ನಾಟಕ. 2020ರಿಂದ ದೊಡ್ಡ ಕಂಪನಿಗಳ ಇ-ಇನ್‌ವಾಯ್ಸ್‌ಗೆ 64 ಅಕ್ಷರಗಳ ಗುರುತು ಸಂಖ್ಯೆ ಬಂತು. ಒಂದು ಬಿಲ್ಲು ಎಷ್ಟು ಪುಸ್ತಕಗಳಲ್ಲಿ ದಾಖಲಾದರೂ ಅದರ ಗುರುತು ಒಂದೇ. 2023ರ ಏಪ್ರಿಲ್ 1ರಿಂದ ಕಂಪನಿಗಳ ಲೆಕ್ಕದ ತಂತ್ರಾಂಶದಲ್ಲಿ ಪ್ರತಿ ತಿದ್ದುಪಡಿಯ ಜಾಡು ಉಳಿಯಲೇಬೇಕೆಂಬ ನಿಯಮ ಜಾರಿಯಾಯಿತು. ಒರೆಸಿದ ಬಳಪದ ಅಂಕಿಗೆ ಕಾನೂನು ಕೊಟ್ಟ ಉತ್ತರ ಇದು, ತಡವಾಗಿ ಬಂದರೂ ಸರಿಯಾದ ಉತ್ತರ.

ನಂಬರು ಇದ್ದಲ್ಲಿ ಜೋಡಣೆ ಸುಲಭ. ವಿವರಣೆ ಮಾತ್ರ ಇದ್ದಲ್ಲಿ ಕಷ್ಟ. 'ಫೈನ್ಸ್', 'ಪುಡಿ ಅದಿರು' ಎಂಬ ಎರಡು ಬರಹಗಳ ಅರ್ಥ ಒಂದೇ ಎಂದು ಗುರುತಿಸಲು ಹಳೆಯ ಹುಡುಕುವಿಕೆಗೆ ಆಗದು, ಅದು ಅಕ್ಷರಕ್ಕೆ ಅಕ್ಷರ ಹೋಲಿಸುತ್ತದೆ. ವೆಕ್ಟರ್ ಡೇಟಾಬೇಸ್ ಹುಟ್ಟಿದ್ದು ಈ ಕೊರತೆಯಿಂದ. ಪದಗಳ ಅರ್ಥವನ್ನು ಅಂಕಿಗಳ ಸಾಲಾಗಿ ಬರೆಯುವ ವರ್ಡ್‌ಟುವೆಕ್ ವಿಧಾನವನ್ನು ಗೂಗಲ್ ಸಂಶೋಧಕರು 2013ರಲ್ಲಿ ಪ್ರಕಟಿಸಿದರು. ಇಂದಿನ ಮಾದರಿಗಳು ಒಂದು ಇಡೀ ವಾಕ್ಯಕ್ಕೆ 384, 768 ಅಥವಾ 1,536 ಅಂಕಿಗಳ ಸಾಲು ಕೊಡುತ್ತವೆ. ಅರ್ಥ ಹತ್ತಿರವಿದ್ದರೆ ಸಾಲುಗಳೂ ಹತ್ತಿರವಿರುತ್ತವೆ. ಪೈನ್‌ಕೋನ್, ಕ್ಯುಡ್ರಾಂಟ್‌ನಂಥ ಡೇಟಾಬೇಸ್‌ಗಳು ಇಂಥ ಲಕ್ಷಾಂತರ ಸಾಲುಗಳಿಂದ ಹತ್ತಿರದವನ್ನು ಕ್ಷಣದಲ್ಲಿ ಆರಿಸಿ ಕೊಡುತ್ತವೆ.

ಲೆಕ್ಕದ ತಂತ್ರಾಂಶವನ್ನು ಇದಕ್ಕೆ ಜೋಡಿಸಲು ಮೊದಲು ಪ್ರೋಗ್ರಾಮರ್ ಬೇಕಿತ್ತು. 2011ರಲ್ಲಿ ಶುರುವಾದ ಝೇಪಿಯರ್, 2019ರ ಎನ್‌8ಎನ್ ಮುಂತಾದವು ಕೋಡ್ ಬರೆಯದೆ, ಪರದೆಯ ಮೇಲೆ ಚೌಕಗಳನ್ನು ಗೆರೆಯಿಂದ ಕೂಡಿಸಿ ಕೆಲಸ ಮುಗಿಸುವ ದಾರಿ ತೆರೆದವು. ಹೊಸಪೇಟೆಯ ಒಂದು ಅದಿರು ಸಾಗಣೆ ಕಚೇರಿಯಲ್ಲಿ ಇದನ್ನು ಮಾಡಬೇಕೆಂದರೆ ಕ್ರಮ ಹೀಗಿರುತ್ತದೆ. ಟ್ಯಾಲಿ ಆ ಕಚೇರಿಯ ಕಂಪ್ಯೂಟರಿನಲ್ಲೇ ಇರುತ್ತದೆ, ಸಾಮಾನ್ಯವಾಗಿ 9000ನೇ ಪೋರ್ಟಿನಲ್ಲಿ ಎಕ್ಸ್‌ಎಂಎಲ್ ರೂಪದ ಕೋರಿಕೆಗೆ ಉತ್ತರ ಕೊಡುತ್ತದೆ. ಹಾಗಾಗಿ ಎನ್‌8ಎನ್ ಕೂಡ ಅದೇ ಕಚೇರಿಯಲ್ಲಿ ನೆಲೆಗೊಂಡರೆ ಒಳ್ಳೆಯದು. ಮೊದಲ ಚೌಕ ರಾತ್ರಿ ಗೊತ್ತಾದ ಹೊತ್ತಿಗೆ ಎಚ್ಚರಗೊಂಡು ವೋಚರುಗಳನ್ನು ತರುತ್ತದೆ. ಎರಡನೆಯದು ಪಾರ್ಟಿಯ ಹೆಸರು, ಸರಕು, ಷರಾ ಇಷ್ಟನ್ನು ಸೇರಿಸಿ ಒಂದು ವಾಕ್ಯ ಮಾಡುತ್ತದೆ. ಮೂರನೆಯದು ಆ ವಾಕ್ಯವನ್ನು ಅಂಕಿಗಳ ಸಾಲಾಗಿಸುತ್ತದೆ, ನಾಲ್ಕನೆಯದು ಡೇಟಾಬೇಸಿನಲ್ಲಿ ಇಡುತ್ತದೆ. ಸಾಲಿನ ಜೊತೆಗೆ ವೋಚರ್ ನಂಬರು, ದಿನಾಂಕ, ಮೊತ್ತ ಹೋಗಲೇಬೇಕು. ಅವು ಇಲ್ಲದಿದ್ದರೆ ಸಿಕ್ಕ ಉತ್ತರದಿಂದ ಮೂಲ ಲೆಕ್ಕಕ್ಕೆ ಮರಳುವ ದಾರಿಯೇ ಇರದು.

ಹೀಗೆ ಜೋಡಿಸಿದ ಮೇಲೆ 'ಮಳೆಯಿಂದ ತಡವಾದ ಲೋಡು' ಎಂದು ಕೇಳಿದರೆ, ಷರಾದಲ್ಲಿ 'ರಸ್ತೆ ಕೆಸರು, ಗಾಡಿ ನಿಂತಿತು' ಎಂದಷ್ಟೇ ಇರುವ ವೋಚರೂ ಮೇಲೆ ಬರಬಹುದು. ಆದರೆ ಹೋದ ತಿಂಗಳ ಒಟ್ಟು ಬಾಡಿಗೆ ಎಷ್ಟು ಎಂಬ ಪ್ರಶ್ನೆಯನ್ನು ಇಲ್ಲಿ ಕೇಳುವುದು ತಪ್ಪು. ಹತ್ತಿರದ ಹತ್ತು ವೋಚರು ಸಿಕ್ಕರೆ ಹನ್ನೊಂದನೆಯದು ಕೂಡಿಕೆಯಿಂದ ಬಿಟ್ಟುಹೋಗುತ್ತದೆ. ಕೂಡಿ ಕಳೆಯುವ ಕೆಲಸ ಟ್ಯಾಲಿಯಲ್ಲೇ ಆಗಬೇಕು. ಟ್ಯಾಲಿ ಪ್ರತಿ ವೋಚರಿಗೂ ಒಂದು ಸ್ಥಿರ ಗುರುತನ್ನೂ, ತಿದ್ದಿದಾಗಲೆಲ್ಲ ಏರುವ ಇನ್ನೊಂದು ಸಂಖ್ಯೆಯನ್ನೂ ಇಟ್ಟಿರುತ್ತದೆ. ಈ ಎರಡನೆಯದನ್ನು ನೋಡಿಕೊಂಡರೆ ಬದಲಾದ ವೋಚರುಗಳನ್ನಷ್ಟೇ ಮರುದಿನ ತರಬಹುದು. ಅಳಿಸಿದ ವೋಚರು ಮಾತ್ರ ಈ ಜಾಲಕ್ಕೆ ಸಿಗದು. ಟ್ಯಾಲಿಯಿಂದ ಹೋದ ಮೇಲೂ ಅದರ ಸಾಲು ವೆಕ್ಟರ್ ಡೇಟಾಬೇಸಿನಲ್ಲಿ ಉಳಿದು ಉತ್ತರಗಳಲ್ಲಿ ಕಾಣಿಸಿಕೊಳ್ಳುತ್ತಲೇ ಇರುತ್ತದೆ. ಆದ್ದರಿಂದ ವಾರಕ್ಕೊಮ್ಮೆಯಾದರೂ ಎರಡೂ ಕಡೆಯ ಗುರುತುಗಳ ಪಟ್ಟಿಯನ್ನು ತಾಳೆ ನೋಡಿ, ಒಂದೇ ಕಡೆ ಉಳಿದದ್ದನ್ನು ತೆಗೆಯುವ ಇನ್ನೊಂದು ಸರಣಿಯನ್ನು ಬೇರೆಯಾಗಿ ಕಟ್ಟಬೇಕಾಗುತ್ತದೆ.