ಕರಗುವ ಚರಿತ್ರೆ

ರಾಯಚೂರು ಸೀಮೆಯ ಚರಿತ್ರೆಯನ್ನು ಹೇಳುವವರು ಸಾಮಾನ್ಯವಾಗಿ ಕೋಟೆಯಿಂದ ಆರಂಭಿಸಿ 1520ರ ಕಾಳಗಕ್ಕೆ ಬರುತ್ತಾರೆ. ಕೃಷ್ಣೆ ತುಂಗಭದ್ರೆಯರ ನಡುವಣ ಈ ನೆಲಕ್ಕಾಗಿ ಅರಸರು ಕಾದಾಡಿದ್ದು ನಿಜ. ಆದರೆ ಈ ನೆಲದ ಒಡಲಿಗೆ ಅರಸರಿಗಿಂತ ಮೊದಲೇ ಕೈಹಾಕಿದವರು ಬಂಗಾರದ ಕೆಲಸದವರು. ಹಟ್ಟಿಯಲ್ಲಿ ಸುಮಾರು 2000 ವರ್ಷಗಳ ಹಿಂದೆಯೇ 600 ಅಡಿಗೂ ಮಿಕ್ಕ ಆಳಕ್ಕೆ ಗಣಿ ತೋಡಿದ್ದರು. 1915ರಲ್ಲಿ ಮಸ್ಕಿಯ ಅಶೋಕ ಶಾಸನವನ್ನು ಕಂಡುಹಿಡಿದ ಬೀಡನ್ ಎಂಬಾತನೂ ಬಂಗಾರವನ್ನರಸಿ ಬಂದ ಗಣಿ ಎಂಜಿನಿಯರನೇ. ದೇವದುರ್ಗ ತಾಲ್ಲೂಕಿನ ಊಟಿಯಲ್ಲಿಯೂ ಚಿನ್ನದ ಅದಿರುಂಟು.

ಗಣಿಯ ಕುರುಹು ಉಳಿಯಿತು, ಶಾಸನ ಉಳಿಯಿತು. ಅಕ್ಕಸಾಲಿಯ ಕೃತಿ ಮಾತ್ರ ಏಕೆ ಉಳಿಯಲಿಲ್ಲ? ಉತ್ತರ ಸರಳವಾಗಿದೆ: ನಾವೇ ಅದನ್ನು ಕರಗಿಸಿದೆವು. ಅಜ್ಜಿಯ ಕಟ್ಟಾಣಿ ಸೊಸೆಯ ಪಾಟ್ಲಿಯಾಯಿತು. ಪಾಟ್ಲಿ ಮೊಮ್ಮಗಳ ಸರವಾಯಿತು. ಬಂಗಾರ ಸಾಯುವುದಿಲ್ಲ; ಆದರೆ ಅದು ತಳೆದ ರೂಪ ಪ್ರತಿ ಮದುವೆಗೊಮ್ಮೆ ಸಾಯುತ್ತದೆ.

ಮಾನ್ವಿ, ದೇವದುರ್ಗಗಳಂಥ ಊರುಗಳಲ್ಲಿ ಈ ವಿದ್ಯೆಗೆ ಪುಸ್ತಕವಿರಲಿಲ್ಲ. ಅಗ್ಗಿಷ್ಟಿಕೆ, ಊದುಗೊಳವೆ, ಮೂಸೆ, ಒರೆಗಲ್ಲು, ತೂಕಕ್ಕೆ ಗುಲಗಂಜಿ, ಇವೇ ಪಾಠಶಾಲೆ. ಬೋರಮಾಳದ ಒಂದೊಂದು ಗುಂಡೂ ಎರಡು ಅರೆಗೋಳಗಳ ಬೆಸುಗೆ. ಒಳಗೆ ಅರಗು ತುಂಬಬೇಕು, ಹೊರಗೆ ಬೆಸುಗೆಯ ಗೆರೆ ಕಾಣಬಾರದು. ಬೆಂಕಿಯ ಬಣ್ಣವನ್ನು ಕಣ್ಣು ಓದಬೇಕು. ಕೃಷ್ಣೆಯ ತಡಿಯ ತಿಂಥಣಿ ಮೌನೇಶ್ವರನನ್ನು ನೆನೆದು ಕೈಯಿಕ್ಕುವ ಈ ಕೆಲಸದಲ್ಲಿ ತಂದೆಯೇ ಗುರು, ಮಗನೇ ಗ್ರಂಥ.

ಅಕ್ಕನ ಚಿನ್ನವನ್ನೂ ಅಕ್ಕಸಾಲಿ ಬಿಡನೆಂದು ಗಾದೆ ಕಟ್ಟಿದ ಸಮಾಜವೇ ತನ್ನ ಇಡೀ ಉಳಿತಾಯವನ್ನು ಅವನ ಅಂಗೈಯಲ್ಲಿ ಇಡುತ್ತಿತ್ತೆಂಬುದು ಸೋಜಿಗ. ಆ ನಂಬಿಕೆಗೆ ದೊಡ್ಡ ಪೆಟ್ಟು ಬಿದ್ದದ್ದು 1963ರ ಚಿನ್ನ ನಿಯಂತ್ರಣದಿಂದ. 14 ಕ್ಯಾರೆಟ್ಟಿಗೆ ಮೀರಿದ ಹೊಸ ಒಡವೆ ಮಾಡಬಾರದೆಂಬ ಕಟ್ಟಳೆ ಬಂದಾಗ ದೇಶದಾದ್ಯಂತ ಅಕ್ಕಸಾಲಿಗರ ಕುಲುಮೆಗಳು ಆರಿದವು; ಪ್ರಾಣ ಕಳೆದುಕೊಂಡವರೂ ಉಂಟು. ಆ ಮಿತಿ ಬಳಿಕ ಸಡಿಲಿತು. 1968ರ ಕಾಯಿದೆ 1990ರಲ್ಲಿ ರದ್ದಾಯಿತು. ಆದರೆ ಕುಲುಮೆ ಬಿಟ್ಟು ಹೋದವರನ್ನು ಯಾವ ಕಾಯಿದೆಯೂ ಮರಳಿ ಕರೆತರದು.

ಈಗ ಕುಲುಮೆಯ ಮುಂದೆ ಕಂಪ್ಯೂಟರು ಬಂದು ಕುಳಿತಿದೆ. ಒಡವೆಯನ್ನು ಪರದೆಯ ಮೇಲೆ ಬರೆದು, ಯಂತ್ರದಿಂದ ಪದರ ಪದರವಾಗಿ ಮೇಣದಲ್ಲಿ ಮೂಡಿಸಿ, ಸುತ್ತಲೂ ಗಾರೆಯ ಅಚ್ಚು ಕಟ್ಟಿ, ಮೇಣ ಕರಗಿಸಿ, ಆ ಪೊಳ್ಳಿಗೆ ಚಿನ್ನವನ್ನು ಎರೆಯುತ್ತಾರೆ. ಪದರ ಜೋಡಿಸುವ ವಿದ್ಯೆಗೆ ಅಮೆರಿಕದ ಚಾರ್ಲ್ಸ್ ಹಲ್ 1986ರಲ್ಲಿ ಪೇಟೆಂಟು ಪಡೆದನು. ಆದರೆ ಮೇಣದ ವಿದ್ಯೆ ನಮಗೆ ಹೊಸದಲ್ಲ. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ವು ಮೇಣದ ಪ್ರತಿಮೆಗೆ ಮಣ್ಣು ಮೆತ್ತಿ ಲೋಹ ಎರೆಯುವ ಕ್ರಮವನ್ನು ವಿವರಿಸುತ್ತದೆ, ಚಿನ್ನವಾದರೆ ಮೇಣದ 16 ಪಟ್ಟು ತೂಕ ಬೇಕೆಂದು ಲೆಕ್ಕವನ್ನೂ ಕೊಡುತ್ತದೆ. ಇಂದಿನ ಎರಕದವನೂ ಮೊದಲು ಮೇಣವನ್ನೇ ತೂಗುತ್ತಾನೆ.

ಆದ್ದರಿಂದ ಯಂತ್ರವು ಕೈಯ ಶತ್ರುವೆಂದು ನಾನು ಹೇಳಲಾರೆ. ಬೆಂಕಿ ಕಂಡ ಕೈಯೇ ಪರದೆಯ ಮೇಲೂ ಸರಿಯಾಗಿ ಬರೆಯುತ್ತದೆ. ಎರಕ ಆರುವಾಗ ಕುಗ್ಗುವುದು ಎಷ್ಟು, ಒಪ್ಪವಿಡುವಾಗ ಸವೆಯುವುದು ಎಷ್ಟು ಎಂಬುದನ್ನು ಅದು ಬಲ್ಲದು. ಭಯವಿರುವುದು ಬೇರೆಡೆ. ದೂರದ ನಗರದಲ್ಲಿ ಬರೆದ ಒಂದೇ ನಮೂನೆ ಎಲ್ಲ ಊರುಗಳ ಕೊರಳಿಗೂ ಬಂದರೆ ಮಾನ್ವಿಯ ಗುಂಡು, ದೇವದುರ್ಗದ ಬುಗುಡಿ ಎಂಬ ಮಾತಿಗೆ ಅರ್ಥವುಳಿಯದು. 2021ರಿಂದ ಕಡ್ಡಾಯವಾಗತೊಡಗಿದ ಹಾಲ್‌ಮಾರ್ಕು ಬಂಗಾರದ ಶುದ್ಧಿಯನ್ನು ಸಾರೀತು. ಮಾಡಿದ ಕೈಯ ಹೆಸರನ್ನು ಸಾರದು.

ಆದರೂ ಹಿಂದೆಂದೂ ಇಲ್ಲದ ಒಂದು ಅನುಕೂಲ ಈಗ ಒದಗಿದೆ. ಹಳೆಯ ಒಡವೆಯನ್ನು ಮೂಸೆಗೆ ಹಾಕುವ ಮುನ್ನ ಅದರ ಅಳತೆ, ತೂಕ, ಆಕಾರಗಳನ್ನು ಕಂಪ್ಯೂಟರಿನಲ್ಲಿ ಬರೆದಿಡಬಹುದು. ಮಾಡಿದವನ ಹೆಸರು ತಿಳಿದಿದ್ದರೆ ಅದನ್ನೂ ಸೇರಿಸಬಹುದು. ಮುದುಕನ ಪಕ್ಕದಲ್ಲಿ ಮೊಮ್ಮಗನು ಒಂದು ಸಂಜೆ ಕುಳಿತರೆ ಸಾಕು. ಬಂಗಾರ ಕರಗಲಿ, ಅದು ಅದರ ಧರ್ಮ. ರೂಪವು ಅದರೊಡನೆ ಕರಗಬೇಕಾಗಿಲ್ಲ.